ಭಾರದ ಗುಂಡು, ಮಂದ ವೇಗ: ಹಳೆಯ ರಿವಾಲ್ವರ್ ತೋಟಾಗಳಲ್ಲಿ ಯಾವುದನ್ನು ಆರಿಸಬೇಕು?

ಹಳೆಯ ರಿವಾಲ್ವರ್ ತೋಟಾಗಳ ಪೆಟ್ಟಿಗೆಯನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಗುಂಡಿನ ತೂಕದ ಕಡೆಗೆ. 265 ಗ್ರೇನ್, 200 ಗ್ರೇನ್ ಎಂಬ ಅಂಕಿಗಳು ಇಂದಿನ 115 ಅಥವಾ 124 ಗ್ರೇನಿನ 9 ಮಿ.ಮೀ. ಪಿಸ್ತೂಲು ಗುಂಡುಗಳ ಪಕ್ಕದಲ್ಲಿ ಭೀಮನಂತೆ ಕಾಣುತ್ತವೆ. ಇಷ್ಟು ಸೀಸ ಬಂದು ಬಡಿದರೆ ಯಾರು ತಾನೆ ನಿಂತಾರು ಎಂಬ ಭಾವನೆ ತಾನಾಗಿಯೇ ಹುಟ್ಟುತ್ತದೆ. ಆ ತೋಟಾಗಳು ಅಷ್ಟು ಕಾಲ ಮಾರಾಟವಾದದ್ದಕ್ಕೂ, ಅವುಗಳ ಬಗೆಗಿನ ಕಥೆಗಳು ಇಂದಿಗೂ ಓಡಾಡುತ್ತಿರುವುದಕ್ಕೂ ಈ ಭಾವನೆಯ ಪಾಲು ದೊಡ್ಡದು. ಆದರೆ ತೂಕವೊಂದನ್ನೇ ನೋಡಿ ತೋಟಾ ಆರಿಸುವುದು, ಹಲ್ಲು ಎಣಿಸದೆ ಬರಿಯ ಮೈಕಟ್ಟು ನೋಡಿ ಜಾತ್ರೆಯಲ್ಲಿ ಎತ್ತು ಕೊಂಡ ಹಾಗೆ. ಗುಂಡಿನ ಮೂತಿಯ ಆಕಾರ, ಅದು ಹೊರಟ ನಳಿಗೆಯ ಉದ್ದ, ತೋಟಾಕ್ಕೂ ಬಂದೂಕಿಗೂ ಇರುವ ಹೊಂದಾಣಿಕೆ, ಇವು ಮೂರೂ ತೂಕಕ್ಕಿಂತ ಹೆಚ್ಚಿನ ಮಾತು ಹೇಳುತ್ತವೆ.

ಇಲ್ಲಿ ಹೋಲಿಸುತ್ತಿರುವುದು ಮುಖ್ಯವಾಗಿ ನಾಲ್ಕು ತೋಟಾಗಳನ್ನು: ಬ್ರಿಟಿಷ್ ಸೇನೆಯ .455 ವೆಬ್ಲಿ; ಅದರ ಜಾಗಕ್ಕೆ ಬಂದ .38/200, ಅಮೆರಿಕದ ಪೊಲೀಸರು ತಲೆಮಾರುಗಳ ಕಾಲ ಸೊಂಟದಲ್ಲಿಟ್ಟುಕೊಂಡು ತಿರುಗಿದ 158 ಗ್ರೇನಿನ.38 ಸ್ಪೆಷಲ್, ಮತ್ತು ಅದೇ .38 ಸ್ಪೆಷಲ್ ಕೇಸಿಗೆ (ಮದ್ದು ತುಂಬುವ ಲೋಹದ ಕೊಳವೆಗೆ) 200 ಗ್ರೇನಿನ ಗುಂಡು ಕೂರಿಸಿ ‘ಸೂಪರ್ ಪೊಲೀಸ್’ ಎಂಬ ಹೆಸರಿನಲ್ಲಿ ಮಾರಿದ ತೋಟಾ. ಗ್ರೇನ್ ಎಂಬ ಅಳತೆ ರೂಢಿಯಲ್ಲಿಲ್ಲದವರಿಗೆ ಒಂದು ಮಾತು: ಒಂದು ಗ್ರಾಂಗೆ ಸುಮಾರು 15.4 ಗ್ರೇನ್ ಆಗುತ್ತದೆ. ಆದ್ದರಿಂದ 200 ಗ್ರೇನ್ ಎಂದರೆ ಸುಮಾರು 13 ಗ್ರಾಂ, 265 ಗ್ರೇನ್ ಎಂದರೆ 17 ಗ್ರಾಂಗಿಂತ ತುಸು ಹೆಚ್ಚು. ಹೆಸರುಗಳಲ್ಲಿರುವ .455, .38 ಎಂಬ ಅಂಕಿಗಳು ಸರಿಸುಮಾರಾಗಿ ಗುಂಡಿನ ವ್ಯಾಸವನ್ನು ಅಂಗುಲದಲ್ಲಿ ಹೇಳುತ್ತವೆ.

ಭಾರತದಲ್ಲಿರುವ ಓದುಗರಿಗೆ ಇದು ಅಂಗಡಿಗೆ ಹೋಗಿ ಕೊಳ್ಳುವ ಆಯ್ಕೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯು .380 (.38/200ರ ಸೇನಾ ಹೆಸರು) ಮತ್ತು .455ರ, ತಳದಲ್ಲಿ ರಿಮ್ ಅಂದರೆ ಅಂಚು ಇರುವ ತೋಟಾಗಳನ್ನು ಹಾರಿಸಬಲ್ಲ ರಿವಾಲ್ವರ್ ಮತ್ತು ಪಿಸ್ತೂಲುಗಳನ್ನು ನಿಷೇಧಿತ ವರ್ಗದಲ್ಲಿ ಹೆಸರು ಹಿಡಿದೇ ಸೇರಿಸಿದೆ. ಸಾಮಾನ್ಯ ಪರವಾನಗಿಯ ಮೇಲೆ ನಮ್ಮಲ್ಲಿ ಸಿಗುವ ರಿವಾಲ್ವರ್ ಎಂದರೆ ಹೆಚ್ಚಾಗಿ ಸರಕಾರಿ ಕಾರ್ಖಾನೆಯ .32 ಮಾತ್ರ. ಹಾಗಾಗಿ ಈ ಹೋಲಿಕೆ ನಮ್ಮಲ್ಲಿ ಇತಿಹಾಸ ಬರೆಯುವವರಿಗೆ, ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿಗೆ ಫಲಕ ಬರೆಯುವವರಿಗೆ, ಪತ್ತೇದಾರಿ ಕಥೆ ಹೆಣೆಯುವವರಿಗೆ ಒದಗೀತು. ಕಾನೂನು ಅವಕಾಶ ಕೊಡುವ ದೇಶಗಳಲ್ಲಿ ನೆಲೆಸಿ ಹಳೆಯ ವೆಬ್ಲಿ ಅಥವಾ ಎನ್‌ಫೀಲ್ಡ್ ರಿವಾಲ್ವರ್ ಇಟ್ಟುಕೊಂಡಿರುವ ಕನ್ನಡಿಗರಿಗೆ ನೇರವಾಗಿಯೇ ಉಪಯೋಗವಾದೀತು.

.455 ವೆಬ್ಲಿ: ಹೆಸರು ಒಂದು, ಗುಂಡು ಹಲವು

.455 ತೋಟಾ ಬ್ರಿಟಿಷ್ ಸೇನೆಗೆ ಬಂದದ್ದು 1891ರಲ್ಲಿ, ಕರಿಮದ್ದಿನ ಕಾಲದ ಕೊನೆಗೆ. 1897ರಲ್ಲಿ ಕಾರ್ಡೈಟ್ ಎಂಬ ಹೊಗೆರಹಿತ ಮದ್ದಿಗೆ ತಕ್ಕಂತೆ ಕೇಸನ್ನು ಗಿಡ್ಡ ಮಾಡಿ ಮಾರ್ಕ್ 2, ಅಂದರೆ ಎರಡನೆಯ ಮಾದರಿ, ಹೊರಬಂತು. 265 ಗ್ರೇನಿನ ಸೀಸದ ಗುಂಡು, ವೇಗ ಸೆಕೆಂಡಿಗೆ ಸುಮಾರು 600 ಅಡಿ, ಅಂದರೆ 183 ಮೀಟರ್. ಲೆಕ್ಕ ಹಾಕಿದರೆ ಅದರ ಚಲನಶಕ್ತಿ 290 ಜೌಲ್‌ಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಇಂದಿನ ಸಾಧಾರಣ 9 ಮಿ.ಮೀ. ತೋಟಾದ್ದು ಸುಮಾರು 450 ಜೌಲ್. ಕಾಗದದ ಮೇಲೆ ಹೀಗೆ ಸೋಲುವ ತೋಟಾ ರಣರಂಗದಲ್ಲಿ ಅಷ್ಟು ಹೆಸರು ಮಾಡಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ, ಆ ಹೆಸರಿನಡಿ ಇದ್ದ ಬೇರೆ ಬೇರೆ ಗುಂಡುಗಳನ್ನು ಬಿಡಿಸಿ ನೋಡಿದಾಗ ಮಾತ್ರ ಸಿಗುತ್ತದೆ.

ಮಾರ್ಕ್ 2ರ ಗುಂಡಿನ ಮೂತಿ ಶಂಕುವಿನ ಹಾಗೆ ದುಂಡಗೆ ಚೂಪು. 1898ರ ಮಾರ್ಕ್ 3 ಅದಕ್ಕೆ ತೀರ ವಿರುದ್ಧವಾದ ಯೋಚನೆಯಿಂದ ಹುಟ್ಟಿತು. 218 ಗ್ರೇನಿನ ಸೀಸದ ಉರುಳೆ, ಎರಡೂ ತುದಿಯಲ್ಲಿ ಬಟ್ಟಲಿನಂತೆ ಕೊರೆದ ಗುಂಡಿ. ಹಿಂದಿನ ಗುಂಡಿ ಮದ್ದಿನ ಅನಿಲಕ್ಕೆ ಅರಳಿ ನಳಿಗೆಯ ಗೋಡೆಗೆ ಒತ್ತಿಕೊಳ್ಳಲು, ಮುಂದಿನದು ಮೈಗೆ ತಾಗಿದೊಡನೆ ಅರಳಿ ಅಗಲವಾಗಲು. ‘ಮ್ಯಾನ್‌ಸ್ಟಾಪರ್’ ಎಂಬ ಅಡ್ಡಹೆಸರು ಸಲ್ಲಬೇಕಾದದ್ದು ಇದೊಂದಕ್ಕೆ. ಇದೇ ದಶಕದಲ್ಲಿ ಕಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ನೆವಿಲ್ ಬರ್ಟಿ-ಕ್ಲೇ .303 ರೈಫಲ್ ಗುಂಡಿನ ಮೂತಿಯ ಕವಚ ತೆಗೆದು ಅರಳುವ ಗುಂಡು ಮಾಡಿಸಿದ್ದ. ಜಗತ್ತಿನ ಭಾಷೆಗಳಿಗೆ ‘ದಮ್‌ದಮ್ ಗುಂಡು’ ಎಂಬ ಪದ ಹೋದದ್ದು ನಮ್ಮ ನೆಲದಿಂದಲೇ. 1899ರ ಹೇಗ್ ಘೋಷಣೆಯು ಮೈಯೊಳಗೆ ಅರಳುವ, ಚಪ್ಪಟೆಯಾಗುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದ ಮೇಲೆ ಮಾರ್ಕ್ 3 ಸೇನೆಯ ಬಳಕೆಯಿಂದ ಹಿಂದೆ ಸರಿಯಿತು. 1912ರ ಮಾರ್ಕ್ 4ರಲ್ಲಿ 220 ಗ್ರೇನಿನ, ಮೂತಿ ಪೂರಾ ಚಪ್ಪಟೆಯಾದ ಗುಂಡು ಬಂತು. ಅದನ್ನೇ ಇನ್ನಷ್ಟು ಗಟ್ಟಿ ಸೀಸದಲ್ಲಿ ಎರಕ ಹೊಯ್ದ ಮಾರ್ಕ್ 5 ಬಂದದ್ದು 1914ರಲ್ಲಿ. ಆದರೆ ಮಹಾಯುದ್ಧ ಆರಂಭವಾಗಿ ಕೆಲವೇ ತಿಂಗಳಲ್ಲಿ ಇವನ್ನೂ ಹಿಂತೆಗೆದು ಹಳೆಯ ಮಾರ್ಕ್ 2ನ್ನೇ ಮತ್ತೆ ಕೊಡಲಾಯಿತು. 1939ರ ಮಾರ್ಕ್ 6 ಅದೇ 265 ಗ್ರೇನ್ ತೂಕದಲ್ಲಿ ಲೋಹದ ಕವಚ ಹೊದ್ದು ಬಂತು.

ಈ ಸರಣಿಯನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿದರೆ ನನ್ನ ವಾದದ ತಿರುಳು ಸಿಕ್ಕಿಬಿಡುತ್ತದೆ. ಒಳ್ಳೆಯ ಆಕಾರದ ಗುಂಡುಗಳನ್ನು ಕಾನೂನು ಒಂದೊಂದಾಗಿ ಕಿತ್ತುಕೊಂಡಿತು, ಕೊನೆಗೆ ಸೇನೆಯ ಕೈಯಲ್ಲಿ ಉಳಿದದ್ದು ತೂಕ ಮತ್ತು ವ್ಯಾಸ ಮಾತ್ರ. ಭಾರದ ಗುಂಡು ಶ್ರೇಷ್ಠವೆಂದು ತೋರಿ ಆಯ್ಕೆಯಾದದ್ದಲ್ಲ, ಬೇರೆ ಬಾಗಿಲು ಮುಚ್ಚಿದಾಗ ತೆರೆದಿದ್ದ ಬಾಗಿಲು ಅದು. 1915ರ ಕಂದಕದಲ್ಲಿ ವೆಬ್ಲಿ ಮಾರ್ಕ್ 6 ರಿವಾಲ್ವರ್ (ಇದು ರಿವಾಲ್ವರಿನ ಮಾದರಿಯ ಅಂಕಿ, ತೋಟಾದ್ದಲ್ಲ) ಹಿಡಿದ ಅಧಿಕಾರಿಯ ಕೈಗೆ ‘ಮ್ಯಾನ್‌ಸ್ಟಾಪರ್’ ತೋಟಾ ಕೊಡುವ ಕಥೆಗಾರರು ಇದನ್ನು ಗಮನಿಸಬೇಕು: ಅವನ ಸಿಲಿಂಡರಿನಲ್ಲಿ ಆಗ ಇದ್ದದ್ದು ಶಂಕುಮೂತಿಯ ಮಾರ್ಕ್ 2.

.38/200: ಹಗುರ ಬಂದೂಕಿಗೆ ಭಾರದ ಗುಂಡು

ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆಗೆ ಒಂದು ಸತ್ಯ ಮನದಟ್ಟಾಗಿತ್ತು. ವೆಬ್ಲಿ ಮಾರ್ಕ್ 6ರ ತೂಕ ಸುಮಾರು 1.1 ಕಿಲೊ, ಅವಸರದಲ್ಲಿ ತರಬೇತಿ ಪಡೆದವನ ಕೈಯಲ್ಲಿ ಅದು ಎಗರಾಡುತ್ತಿತ್ತು. ಹಗುರವಾದ, ಬೇಗ ಕಲಿಯಬಹುದಾದ ರಿವಾಲ್ವರ್ ಬೇಕು, ಆದರೆ ಹೊಡೆತ ಮಾತ್ರ ಹಳೆಯದರಷ್ಟೇ ಇರಬೇಕು ಎಂಬ ಬೇಡಿಕೆ ಹುಟ್ಟಿತು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎನ್ನುವ ಬೇಡಿಕೆ ಅದು. ಅದಕ್ಕೆ ದೊರೆತ ಉತ್ತರ, 1877ರಷ್ಟು ಹಳೆಯದಾದ ಅಮೆರಿಕದ .38 ಸ್ಮಿತ್ ಅಂಡ್ ವೆಸನ್ ಕೇಸಿಗೆ 200 ಗ್ರೇನಿನ ದುಂಡುಮೂತಿಯ ಸೀಸದ ಗುಂಡು ಕೂರಿಸುವುದು. ವೇಗ ಸೆಕೆಂಡಿಗೆ 620 ಅಡಿಯ ಆಸುಪಾಸು, ಶಕ್ತಿ ಸುಮಾರು 230 ಜೌಲ್. 1932ರಲ್ಲಿ ಸೇನೆಗೆ ಬಂದ ಎನ್‌ಫೀಲ್ಡ್ ನಂ. 2 ರಿವಾಲ್ವರಿನ ತೂಕ ಮುಕ್ಕಾಲು ಕಿಲೊಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಈ ತೋಟಾದ ಪರವಾಗಿ ಅಂದು ಮಂಡಿಸಿದ ವಾದ ಸ್ವಾರಸ್ಯಕರವಾಗಿದೆ. ಉದ್ದನೆಯ, ಭಾರವಾದ, ನಿಧಾನಗತಿಯ ಗುಂಡು ನಳಿಗೆಯ ತಿರುಪುಗೆರೆಗಳಿಂದ ಗಾಳಿಯಲ್ಲಿ ನೇರವಾಗಿ ಸಾಗುವಷ್ಟು ತಿರುಗುವಿಕೆಯನ್ನು ಕಷ್ಟಪಟ್ಟು ಪಡೆದುಕೊಳ್ಳುತ್ತದೆ. ಮೈಯೊಳಗೆ ಹೊಕ್ಕೊಡನೆ ಆ ಸ್ಥಿರತೆ ತಪ್ಪಿ ಲಾಗ ಹೊಡೆಯುತ್ತದೆ. ಅಡ್ಡ ತಿರುಗಿದ ಗುಂಡು ಅಗಲವಾದ ಗಾಯ ಮಾಡುತ್ತದೆ ಎಂಬುದು ಆ ವಾದ. ಇದರಲ್ಲಿ ಭೌತಶಾಸ್ತ್ರದ ದೃಷ್ಟಿಯಿಂದ ಸುಳ್ಳೇನೂ ಇಲ್ಲ. ದುಂಡುಮೂತಿಯ ಗುಂಡಿನ ಭಾರವೆಲ್ಲ ಹಿಂಭಾಗದಲ್ಲಿರುವುದರಿಂದ ಗಾಳಿಗಿಂತ ಸಾಂದ್ರವಾದ ಮಾಧ್ಯಮದಲ್ಲಿ ಅದು ಹಿಂಭಾಗ ಮುಂದಾಗುವಂತೆ ತಿರುಗಿಕೊಳ್ಳಲು ಹವಣಿಸುತ್ತದೆ. ತೊಡಕಿರುವುದು ಎಲ್ಲಿ ತಿರುಗುತ್ತದೆ ಎಂಬುದರಲ್ಲಿ. ಕೆಲವೇ ಅಂಗುಲದಲ್ಲಿ ತಿರುಗಿದರೆ ವಾದ ಗೆದ್ದಂತೆ. ಮೈಯ ದಪ್ಪವನ್ನೆಲ್ಲ ದಾಟುವ ಹೊತ್ತಿಗೆ ತಿರುಗಿದರೆ ಆ ಲಾಗದಿಂದ ಯಾರಿಗೂ ಪ್ರಯೋಜನವಿಲ್ಲ. ಗುಂಡು ತಯಾರಿಸಿದವರ ಹಿಡಿತದಲ್ಲಿ ಇದು ಇರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಹೇಗ್ ಘೋಷಣೆಯ ನೆರಳು ಮತ್ತೆ ಬಿತ್ತು. ಕವಚವಿಲ್ಲದ ಮೆತ್ತನೆಯ ಸೀಸ ಚಪ್ಪಟೆಯಾದೀತು ಎಂಬ ಅಳುಕಿನಿಂದ 1930ರ ದಶಕದ ಕೊನೆಗೆ 178 ಗ್ರೇನಿನ, ಲೋಹದ ಕವಚದ ಮಾರ್ಕ್ 2 ಗುಂಡು ಬಂತು. ಅದರ ಶಕ್ತಿ ಹೆಚ್ಚೆಂದರೆ 200 ಜೌಲ್. ಹಗುರ ರಿವಾಲ್ವರನ್ನು ಸಮರ್ಥಿಸಲು ತಂದ 200 ಗ್ರೇನಿನ ಗುಂಡು ಹೋಯಿತು, ರಿವಾಲ್ವರ್ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾದದ್ದು ಮುಖ್ಯವಾಗಿ ಈ ಕವಚದ ಗುಂಡೇ. ಆದ್ದರಿಂದ ಆ ಯುದ್ಧದ ಅನುಭವಗಳನ್ನು ‘200 ಗ್ರೇನಿನ ಗುಂಡಿನ’ ಖಾತೆಗೆ ಬರೆಯುವುದು ಲೆಕ್ಕದ ತಪ್ಪು. ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿಯೂ ಪುಣೆಯ ಬಳಿಯ ಕಿರ್ಕೀ ಕಾರ್ಖಾನೆ ತಯಾರಿಸಿದ .380 ತೋಟಾಗಳು ಈ ಕವಚದ ಮಾದರಿಯವೇ. ತೋಟಾದ ತಳದಲ್ಲಿ ‘ಕೆಎಫ್’ ಎಂಬ ಗುರುತಿನ ಜೊತೆಗೆ ಅಂಕಿಯ ಪಕ್ಕ ‘ಝಡ್’ ಅಕ್ಷರವಿದ್ದರೆ ಒಳಗಿರುವುದು ಕಾರ್ಡೈಟ್ ಅಲ್ಲ, ನೈಟ್ರೋಸೆಲ್ಯುಲೋಸ್ ಮದ್ದು ಎಂದರ್ಥ.

ಸೂಪರ್ ಪೊಲೀಸ್ ಮತ್ತು 158 ಗ್ರೇನ್

ಅಮೆರಿಕದ ಪೊಲೀಸರಿಗೆ ಹೇಗ್ ಘೋಷಣೆಯ ಕಟ್ಟುಪಾಡು ಇರಲಿಲ್ಲ. ಹಾಗಿದ್ದೂ ಅವರ .38 ಸ್ಪೆಷಲ್ ದಶಕಗಳ ಕಾಲ 158 ಗ್ರೇನಿನ ದುಂಡುಮೂತಿಯ ಸೀಸದ ಗುಂಡನ್ನೇ ಹಾರಿಸುತ್ತಿತ್ತು. ಇದಕ್ಕೆ ರೂಢಿಯ ಹೊರತು ಬೇರೆ ಸಮರ್ಥನೆ ನನಗೆ ಕಾಣುವುದಿಲ್ಲ. ಹೊಡೆಸಿಕೊಂಡವನು ಬೀಳುವ ಮೊದಲು ಹೊಡೆದ ಪೊಲೀಸನ ಹೆಂಡತಿಯೇ ವಿಧವೆಯಾಗುತ್ತಾಳೆ ಎಂಬ ಅರ್ಥದ ಕಹಿ ಅಡ್ಡಹೆಸರೊಂದು ಈ ತೋಟಾಕ್ಕೆ ಅಂಟಿಕೊಂಡಿತ್ತು. 1930ರ ಸುಮಾರಿಗೆ, ಅಪರಾಧಿಗಳು ಉಕ್ಕಿನ ಮೈಯ ಕಾರುಗಳಲ್ಲಿ ಓಡಾಡತೊಡಗಿದಾಗ, ಪೊಲೀಸರ ಮುಂದೆ ಎರಡು ದಾರಿಗಳಿದ್ದವು. ಒಂದು, ದೊಡ್ಡ ಚೌಕಟ್ಟಿನ ರಿವಾಲ್ವರಿನಲ್ಲಿ ವೇಗ ಹೆಚ್ಚಿಸುವುದು, 1930ರ.38/44 ಹೆವಿ ಡ್ಯೂಟಿ, 1935ರ .357 ಮ್ಯಾಗ್ನಮ್ ಈ ದಾರಿಯ ಫಲಗಳು. ಎರಡನೆಯದು, ಇದ್ದ ಸಣ್ಣ ರಿವಾಲ್ವರನ್ನೇ ಇಟ್ಟುಕೊಂಡು ಗುಂಡಿನ ಭಾರ ಹೆಚ್ಚಿಸುವುದು. ಸೂಪರ್ ಪೊಲೀಸ್ ಈ ಎರಡನೆಯ ದಾರಿಯ ತೋಟಾ. ಹೊಸ ರಿವಾಲ್ವರ್ ಕೊಳ್ಳಲು ಹಣವಿಲ್ಲದ ಪೊಲೀಸ್ ಇಲಾಖೆಗೆ ಇದು ಅಗ್ಗದ ದಾರಿಯೂ ಹೌದು. ಆದರೆ ಕಾರಿನ ಬಾಗಿಲಿನ ಮುಂದೆ ಮೆತ್ತನೆಯ ಸೀಸದ ಮಂದಗತಿಯ ಗುಂಡು ಎಷ್ಟೇ ಭಾರವಿದ್ದರೂ ಮುದ್ದೆಯಾಗುವುದೇ ಸೈ.

ಹಳೆಯ ಕ್ಯಾಟಲಾಗುಗಳಲ್ಲಿ ಸೂಪರ್ ಪೊಲೀಸ್‌ನ ವೇಗ ಸೆಕೆಂಡಿಗೆ 730 ಅಡಿ ಎಂದಿದೆ; ನಂತರದ ಕ್ಯಾಟಲಾಗುಗಳಲ್ಲಿ ಅದೇ ತೋಟಾದ ವೇಗ 635 ಅಡಿಗೆ ಇಳಿದಿದೆ. 158 ಗ್ರೇನಿನದ್ದೂ 850ರ ಆಸುಪಾಸಿನಿಂದ 755ಕ್ಕೆ ಇಳಿದಿದೆ. ಇದನ್ನು ನೋಡಿ ಕಾರ್ಖಾನೆಯವರು ಮದ್ದು ಕದ್ದರು ಎಂದು ದೂರುವವರುಂಟು. ಮುಖ್ಯ ಕಾರಣ ಬೇರೆ: ಮೊದಲು ಅಳೆಯುತ್ತಿದ್ದದ್ದು ಅನಿಲ ಸೋರದ ಉದ್ದನೆಯ ಪರೀಕ್ಷಾ ನಳಿಗೆಯಲ್ಲಿ, ನಂತರ ಸಿಲಿಂಡರಿಗೂ ನಳಿಗೆಗೂ ನಡುವೆ ನಿಜವಾದ ರಿವಾಲ್ವರಿನಲ್ಲಿರುವಂಥ ಸಂದು ಬಿಟ್ಟ 4 ಅಂಗುಲದ ನಳಿಗೆಯಲ್ಲಿ ಅಳೆಯತೊಡಗಿದರು. ಎರಡನೆಯ ಅಂಕಿಯೇ ಕೈಯಲ್ಲಿರುವ ರಿವಾಲ್ವರಿಗೆ ಹತ್ತಿರ. ಹಳೆಯ ಪೆಟ್ಟಿಗೆಯ ಅಂಕಿಯನ್ನೂ ಹೊಸ ಪೆಟ್ಟಿಗೆಯ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವವರು ಈ ಹಳ್ಳಕ್ಕೆ ಬೀಳದಿರಲಿ.

ಹೊಸ ಅಂಕಿಗಳ ಪ್ರಕಾರ ಸೂಪರ್ ಪೊಲೀಸ್‌ನ ಶಕ್ತಿ ಸುಮಾರು 243 ಜೌಲ್, 158 ಗ್ರೇನಿನದ್ದು 271 ಜೌಲ್. ಶಕ್ತಿಯಲ್ಲಿ ಭಾರದ ಗುಂಡು ಸೋಲುತ್ತದೆ. ತೂಕ ಮತ್ತು ವೇಗಗಳ ನೇರ ಗುಣಲಬ್ಧವಾದ ಸಂವೇಗವನ್ನು ನೋಡಿದರೆ ಭಾರದ ಗುಂಡು ಕೂದಲೆಳೆಯಷ್ಟು ಮುಂದಿದೆ: ಕಿಲೊಗ್ರಾಂ-ಮೀಟರ್ ಪ್ರತಿ ಸೆಕೆಂಡ್ ಮಾನದಲ್ಲಿ ಅದರದು 2.5, 158 ಗ್ರೇನಿನದು 2.4. ಅಲ್ಲಿ .455 ಮಾರ್ಕ್ 2 ಮಾತ್ರ 3.1ರಷ್ಟು ಸಂವೇಗದೊಡನೆ ಬೇರೆಯೇ ಸಾಲಿನಲ್ಲಿ ನಿಲ್ಲುತ್ತದೆ. ಇನ್ನು ಗುಂಡಿನ ಅಗಲಕ್ಕೆ ತಕ್ಕ ತೂಕವನ್ನು ಲೆಕ್ಕ ಹಾಕಿದರೆ ಅಚ್ಚರಿಯ ಫಲಿತಾಂಶ ಬರುತ್ತದೆ. ಚದರ ಅಂಗುಲಕ್ಕೆ ಪೌಂಡುಗಳಲ್ಲಿ ಹೇಳುವ ಈ ಮಾನ 200 ಗ್ರೇನಿನ.38 ಗುಂಡಿಗೆ 0.22, .455ಕ್ಕೆ 0.18, 158 ಗ್ರೇನಿಗೆ 0.18ಕ್ಕಿಂತ ತುಸು ಕಡಿಮೆ. ಅಂದರೆ ಆಳಕ್ಕೆ ಇಳಿಯುವ ಸ್ವಭಾವ 200 ಗ್ರೇನಿನದ್ದಕ್ಕೇ ಹೆಚ್ಚು. 158 ಗ್ರೇನಿನದ್ದೇ ಮೈಯನ್ನು ತೂರಿ ಆಚೆ ಹೋಗುತ್ತದೆ ಎಂಬ ದೂರು ಇದ್ದಾಗ, ಅದಕ್ಕಿಂತ ಹೆಚ್ಚು ತೂರುವ ಗುಂಡನ್ನು ಅದರ ಪರಿಹಾರವೆಂದು ಮಾರಿದ್ದು ವಿಚಿತ್ರವೇ.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ನೆಲೆಸಿರುವ ಸ್ನೇಹಿತರೊಬ್ಬರ ಜೊತೆ ಅವರ ಊರಿನ ಗುರಿ ಅಭ್ಯಾಸದ ಮೈದಾನಕ್ಕೆ ಹೋಗಿದ್ದೆ. ತೀರಿಹೋದ ನೆರೆಮನೆಯವರ ಕಪಾಟಿನಿಂದ ಬಂದ ಸೂಪರ್ ಪೊಲೀಸ್ ಪೆಟ್ಟಿಗೆಯೊಂದು ಅವರ ಬಳಿ ಇತ್ತು. ಗುಂಡುಗಳ ಮೂತಿ ಹೆಬ್ಬೆರಳ ತುದಿಯ ಹಾಗೆ ಮೊಂಡಾಗಿ, ಸೀಸದ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪೊರೆ ಕಟ್ಟಿತ್ತು. ಕೇಸಿನ ಅಂಚಿನಲ್ಲಿದ್ದ ಮೇಣ ಒಣಗಿ ಪುಡಿ ಉದುರುತ್ತಿತ್ತು. ಹದಿನೈದು ಗಜದ ದೂರದಲ್ಲಿ 4 ಅಂಗುಲದ ರಿವಾಲ್ವರಿನಿಂದ ಹೊಡೆದ ಈಡುಗಳೆಲ್ಲ ಗುರಿಯಿಟ್ಟ ಜಾಗಕ್ಕಿಂತ ಎರಡು ಮೂರು ಅಂಗುಲ ಮೇಲೆ ಬಿದ್ದವು. ಇದು ಕೈಯ ದೋಷವಲ್ಲ. ಮಂದಗತಿಯ ಭಾರದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುವುದರಿಂದ, ಅದು ಹೊರಬೀಳುವ ಮೊದಲೇ ಹಿನ್ನೊದೆತ ನಳಿಗೆಯ ತುದಿಯನ್ನು ಹೆಚ್ಚು ಎತ್ತಿರುತ್ತದೆ. ಆ ರಿವಾಲ್ವರಿನ ಅಚಲವಾದ ಸೈಟನ್ನು (ಗುರಿ ಹಿಡಿಯುವ ಗುರುತನ್ನು) ಕಾರ್ಖಾನೆ ಹೊಂದಿಸಿದ್ದು 158 ಗ್ರೇನಿಗೆ.

ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಸಾಲಾಗಿ ಇಟ್ಟು ಒಂದು ಈಡು ಹೊಡೆದೆವು. ಮೊದಲೆರಡು ಕ್ಯಾನುಗಳಲ್ಲಿ ಗುಂಡಗಿನ ತೂತು, ಮೂರನೆಯದರ ಹಿಂದಿನ ಗೋಡೆಯಲ್ಲಿ ಗುಂಡಿನ ಪಕ್ಕದ ನೋಟವೇ ಅಚ್ಚೊತ್ತಿದಂತೆ ಬೀಗದ ಕೀಲಿಯ ತೂತಿನ ಆಕಾರ. ಗುಂಡು ಸಿಕ್ಕಿದ್ದು ಐದನೆಯದರ ತಳದಲ್ಲಿ, ಒಂದಿಷ್ಟೂ ಅರಳದೆ, ಮೂತಿಯ ಮೇಲೆ ಒಂದು ಗೀರು ಮಾತ್ರ. ಲಾಗ ಹೊಡೆದದ್ದು ನಿಜ, ಆದರೆ ತಡವಾಗಿ. ಒಂದು ಈಡಿನಿಂದ ಯಾವ ಸಿದ್ಧಾಂತವೂ ನಿಲ್ಲುವುದಿಲ್ಲ, ಬಿಡಿ. ಆದರೂ ವಾದವನ್ನು ಓದುವುದು ಬೇರೆ, ಅಡ್ಡ ಬಿದ್ದ ತೂತನ್ನು ಬೆರಳಿನಿಂದ ಮುಟ್ಟಿ ನೋಡುವುದು ಬೇರೆ.

ನಿಜವಾದ ಘಟನೆಗಳು ಹೇಳುವುದೇನು

ಭಾರದ ಗುಂಡಿನ ಪಕ್ಷದವರು ಮೊದಲು ಎತ್ತುವ ಮಾತು 1904ರಲ್ಲಿ ಷಿಕಾಗೋದಲ್ಲಿ ಜಾನ್ ಥಾಂಪ್ಸನ್ ಮತ್ತು ಸೇನಾ ವೈದ್ಯ ಲೂಯಿ ಲಗಾರ್ಡ್ ನಡೆಸಿದ ಪ್ರಯೋಗಗಳದ್ದು. ಫಿಲಿಪ್ಪೀನ್ಸಿನಲ್ಲಿ ಅಮೆರಿಕನ್ ಸೇನೆಯ .38 ಲಾಂಗ್ ಕೋಲ್ಟ್ ರಿವಾಲ್ವರ್ ಕೈಕೊಡುತ್ತಿದೆ ಎಂಬ ದೂರು ಈ ಪ್ರಯೋಗಗಳಿಗೆ ಹಿನ್ನೆಲೆ. ಕಸಾಯಿಖಾನೆಯ ದನಗಳ ಮೇಲೆಯೂ ಶವಗಳ ಮೇಲೆಯೂ ಗುಂಡು ಹಾರಿಸಿ, ಸೇನೆಯ ಕೈಬಂದೂಕು .45ಕ್ಕಿಂತ ಕಡಿಮೆ ವ್ಯಾಸದ್ದಾಗಿರಬಾರದು ಎಂಬ ತೀರ್ಮಾನಕ್ಕೆ ಅವರು ಬಂದರು. ಇಂದಿನ ಕಣ್ಣಿಗೆ ಆ ಪ್ರಯೋಗ ಅಷ್ಟು ಕಟ್ಟುನಿಟ್ಟಿನದಲ್ಲ: ಪ್ರತಿ ಪ್ರಾಣಿಗೆ ಹೊಡೆದ ಈಡುಗಳ ಸಂಖ್ಯೆ ಒಂದೇ ಇರಲಿಲ್ಲ, ತಾಗಿದ ಅಂಗಗಳು ಬೇರೆ ಬೇರೆ, ನೇತುಹಾಕಿದ ಶವ ಎಷ್ಟು ತೂಗಿತು ಎಂಬುದನ್ನು ಕಣ್ಣಂದಾಜಿನಲ್ಲಿ ಬರೆದುಕೊಂಡಿದ್ದರು. ಆದರೆ ಅಲ್ಲಿ ಪರೀಕ್ಷೆಗೊಳಗಾದ ತೋಟಾಗಳಲ್ಲಿ .455ರ ಗುಂಡಿಮೂತಿಯ ‘ಮ್ಯಾನ್‌ಸ್ಟಾಪರ್’ ಕೂಡ ಇತ್ತು. 265 ಗ್ರೇನಿನ ದುಂಡುಮೂತಿಯ ಪರವಾಗಿ ಈ ಪ್ರಯೋಗವನ್ನು ಸಾಕ್ಷಿ ಕರೆಯುವವರು ಇದನ್ನು ಮರೆಯುತ್ತಾರೆ.

ಲಗಾರ್ಡ್ ದಾಖಲಿಸಿದ ಇನ್ನೊಂದು ಪ್ರಸಂಗ ಹೆಚ್ಚು ಕಲಿಸುತ್ತದೆ. 1905ರಲ್ಲಿ ಸಮಾರ್ ದ್ವೀಪದಲ್ಲಿ ತಪ್ಪಿಸಿಕೊಳ್ಳಲು ಹೊರಟ ಆಂಟೋನಿಯೊ ಕಾಸ್ಪಿ ಎಂಬ ಕೈದಿಗೆ ಹತ್ತಿರದಿಂದಲೇ .38ರ ನಾಲ್ಕು ಗುಂಡು ತಾಗಿದವು. ಮೂರು ಎದೆಯನ್ನು ಹೊಕ್ಕಿದ್ದವು. ಆತ ಬೀಳಲಿಲ್ಲ, ಕೊನೆಗೆ ಕಾರ್ಬೈನಿನ ಹಿಡಿಯಿಂದ ಹಣೆಗೆ ಹೊಡೆದು ಕೆಡವಬೇಕಾಯಿತು. ಆ ಗುಂಡು 150 ಗ್ರೇನಿನ ದುಂಡುಮೂತಿಯದು. ಅದು 200 ಗ್ರೇನಿನದ್ದಾಗಿದ್ದರೆ ಬೀಳುತ್ತಿದ್ದನೇ? ಅದೇ ವ್ಯಾಸದ, ಅದೇ ಮೂತಿಯ ಗುಂಡು ಅದೇ ದಾರಿಯಲ್ಲಿ ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತಿತ್ತು, ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ಹಳೆಯ ತೋಟಾ ಎಂಬ ವಿಷಯಕ್ಕೆ ಬಂದರೆ ಭಾರತೀಯರೆಲ್ಲ ಬಲ್ಲ ಘಟನೆಯೊಂದಿದೆ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಉಧಮ್ ಸಿಂಗ್ ಮೈಕೆಲ್ ಓಡ್ವಾಯರ್ ಮೇಲೆ ಗುಂಡು ಹಾರಿಸಿದ್ದು ಸ್ಮಿತ್ ಅಂಡ್ ವೆಸನ್ .455 ರಿವಾಲ್ವರಿನಿಂದ. ಆದರೆ ಅದರಲ್ಲಿದ್ದ ತೋಟಾಗಳು ಬಹಳ ಹಳೆಯವು, ಮೇಲಾಗಿ ಆ ನಳಿಗೆಗಿಂತ ಕಡಿಮೆ ವ್ಯಾಸದವು. ನಳಿಗೆಯ ಗೋಡೆಗೂ ಗುಂಡಿಗೂ ನಡುವೆ ಸಂದು ಉಳಿದರೆ ಅನಿಲ ಮುಂದಕ್ಕೆ ಸೋರಿ ವೇಗ ಕುಸಿಯುತ್ತದೆ, ತಿರುಪುಗೆರೆ ಗುಂಡನ್ನು ಹಿಡಿಯುವುದಿಲ್ಲ. ಓಡ್ವಾಯರ್ ಅಲ್ಲಿಯೇ ಸತ್ತ. ಅದೇ ವೇದಿಕೆಯ ಬಳಿ ಗುಂಡು ತಾಗಿದ ಝೆಟ್ಲೆಂಡ್, ಲ್ಯಾಮಿಂಗ್ಟನ್ ಮತ್ತು ಲೂಯಿ ಡೇನ್ ಬದುಕಿಕೊಂಡರು. ಒಂದೇ ಸಿಲಿಂಡರಿನಿಂದ ಹೊರಟ ಗುಂಡುಗಳಲ್ಲಿ ಮರ್ಮಸ್ಥಾನ ಮುಟ್ಟಿದ್ದು ಕೊಂದಿತು, ಬೇರೆಡೆ ತಾಗಿದ್ದು ಗಾಯ ಮಾಡಿತು. ಪೆಟ್ಟಿಗೆಯ ಮೇಲಿನ ಯಾವ ಅಂಕಿಯೂ ಈ ವ್ಯತ್ಯಾಸವನ್ನು ಮುಂಚಿತವಾಗಿ ಹೇಳಲಾರದು.

ಗಾಯಗಳ ಅಧ್ಯಯನ ಗಟ್ಟಿ ನೆಲ ಕಂಡದ್ದು 1980ರ ದಶಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಲೆಟರ್‌ಮನ್ ಸಂಸ್ಥೆಯಲ್ಲಿ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಮಾಂಸದ ಬದಲಿಗೆ ಬಳಸುವ ಜೆಲಾಟಿನ್ ಗಟ್ಟಿಗಳ ಮೇಲೆ ಕೆಲಸ ಮಾಡಿದಾಗ. ಕೈಬಂದೂಕಿನ ವೇಗದಲ್ಲಿ ಗಾಯವಾಗುವುದು ಗುಂಡು ತಾನೇ ಜಜ್ಜಿಹಾಕಿದ ಭಾಗದಿಂದ ಮಾತ್ರ. ಸುತ್ತಲಿನ ಮಾಂಸ ಒಮ್ಮೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ದುಂಡುಮೂತಿ ಮಾಂಸವನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುವುದರಿಂದ ಅದರ ತೂತು ಗುಂಡಿನ ವ್ಯಾಸಕ್ಕಿಂತಲೂ ಸಣ್ಣದು. ಚಪ್ಪಟೆಮೂತಿ ಎದುರಿಗೆ ಸಿಕ್ಕಿದ್ದನ್ನು ಕತ್ತರಿಸುತ್ತದೆ. 1986ರಲ್ಲಿ ಮಿಯಾಮಿಯಲ್ಲಿ ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಗೊತ್ತುಮಾಡಿದ ಅಳತೆಯಂತೆ ಗುಂಡು ಜೆಲಾಟಿನ್ನಿನಲ್ಲಿ ಕನಿಷ್ಠ 12 ಅಂಗುಲ ಇಳಿಯಬೇಕು, 18ನ್ನು ಮೀರಬಾರದು. ಸೀಸದ ದುಂಡುಗುಂಡುಗಳಿಗೆ ಕನಿಷ್ಠದ ಚಿಂತೆಯೇ ಇಲ್ಲ. ಅವುಗಳ ತೊಂದರೆ ಇರುವುದು ಗರಿಷ್ಠದ ಕಡೆ. ಅದೇ ಎಫ್‌ಬಿಐ 1972ರಲ್ಲಿಯೇ .38 ಸ್ಪೆಷಲ್‌ಗೆ 158 ಗ್ರೇನ್ ತೂಕವನ್ನು ಹಾಗೆಯೇ ಇಟ್ಟುಕೊಂಡು ಮೂತಿಯನ್ನು ಗುಂಡಿಬಿದ್ದ ಅರೆಚಪ್ಪಟೆಗೆ ಬದಲಿಸಿ, ಮದ್ದು ಹೆಚ್ಚಿಸಿ ಒಳ್ಳೆಯ ಹೆಸರು ಪಡೆದ ತೋಟಾವನ್ನು ಆರಿಸಿಕೊಂಡಿತ್ತು. ತೂಕ ಬದಲಾಗಲಿಲ್ಲ, ಮೂತಿ ಬದಲಾಯಿತು.

ಹಾಗಾದರೆ ಯಾರಿಗೆ ಯಾವುದು

ಹೊಡೆತದ ಲೆಕ್ಕವೊಂದನ್ನೇ ಇಟ್ಟುಕೊಂಡು ಈ ನಾಲ್ಕರಲ್ಲಿ ಆರಿಸಬೇಕೆಂದರೆ ನಾನು .455ಕ್ಕೆ ಮೊದಲ ಸ್ಥಾನ ಕೊಡುತ್ತೇನೆ. ಅದಕ್ಕೆ ಕಾರಣ 265 ಎಂಬ ಅಂಕಿಯಲ್ಲ, ಅರ್ಧ ಅಂಗುಲಕ್ಕೆ ಹತ್ತಿರವಾದ ಅದರ ವ್ಯಾಸ. ಉಳಿದ ಮೂರರ ನಡುವಿನ ಅಂತರ ಎಷ್ಟು ಸಣ್ಣದೆಂದರೆ, ಗುರಿ ತಾಗಿಸುವ ಸುಲಭತೆಯೇ ಅಲ್ಲಿ ತೀರ್ಪುಗಾರ. 158 ಗ್ರೇನಿಗೆ ಸೈಟು ಹೊಂದಿಸಿದ ರಿವಾಲ್ವರಿನಲ್ಲಿ 158 ಗ್ರೇನೇ ಸರಿ, 200 ಗ್ರೇನಿಗೆ ಹೊಂದಿಸಿದ ಹಳೆಯ ಎನ್‌ಫೀಲ್ಡಿನಲ್ಲಿ 200 ಗ್ರೇನೇ ಸರಿ. ಆತ್ಮರಕ್ಷಣೆಗೆ ಇವುಗಳಲ್ಲಿ ಯಾವುದನ್ನೂ ನಾನು ಹೇಳಲಾರೆ. ಹಳೆಯ ಹಗುರ .38 ಸ್ಪೆಷಲ್ ರಿವಾಲ್ವರಿಗೆ ಮೆದುವಾದ ತೋಟಾವೇ ಬೇಕೆಂದಾದರೆ, ಗುರಿಸ್ಪರ್ಧೆಗೆಂದು ಮಾಡಿದ 148 ಗ್ರೇನಿನ ಪೂರಾ ಚಪ್ಪಟೆಮೂತಿಯ ವಾಡ್‌ಕಟರ್ ಸೂಪರ್ ಪೊಲೀಸ್‌ಗಿಂತ ಮೇಲು.

ಸಂಗ್ರಹಕಾರರ ಲೆಕ್ಕ ಇದಕ್ಕೆ ತದ್ವಿರುದ್ಧ. ಹೊಡೆಯಲು ಯೋಗ್ಯವಾದದ್ದು ಅವರಿಗೆ ಸಾಮಾನ್ಯ ವಸ್ತು, ಹಿಂತೆಗೆದುಕೊಂಡದ್ದೇ ಅಪರೂಪ. ಹಾಗಾಗಿ .455ರ ಮಾರ್ಕ್ 3, 4, 5ಗಳು ಸಿಕ್ಕರೆ ಕಾಪಾಡಿಡಬೇಕು, ಯಾವ ಕಾರಣಕ್ಕೂ ಹಾರಿಸಬಾರದು. ಸೂಪರ್ ಪೊಲೀಸ್‌ನ ಚೆನ್ನಾಗಿ ಉಳಿದ ಪೆಟ್ಟಿಗೆಗೆ ಒಳಗಿನ ತೋಟಾಗಳಿಗಿಂತ ಹೆಚ್ಚಿನ ಬೆಲೆ ಇರುವುದೂ ಉಂಟು.

ಹಳೆಯ ರಿವಾಲ್ವರನ್ನು ಆಗೊಮ್ಮೆ ಈಗೊಮ್ಮೆ ಮೈದಾನಕ್ಕೆ ಒಯ್ಯುವವರು ತೋಟಾದ ಹೆಸರಿಗಿಂತ ಮೊದಲು ಸಿಲಿಂಡರನ್ನು ನೋಡಬೇಕು. ಎಷ್ಟೋ ವೆಬ್ಲಿ ಮಾರ್ಕ್ 6ಗಳ ಸಿಲಿಂಡರಿನ ಹಿಂಭಾಗವನ್ನು ಅಮೆರಿಕದಲ್ಲಿ ಕೆರೆದು, ಸುಲಭವಾಗಿ ಸಿಗುವ .45 ಎಸಿಪಿ ಎಂಬ ಪಿಸ್ತೂಲು ತೋಟಾ ಕೂರುವಂತೆ ಮಾಡಿದ್ದಾರೆ. ಕೂರುತ್ತದೆ ನಿಜ, ಆದರೆ ಕಾರ್ಖಾನೆಯ.45 ಎಸಿಪಿಯ ಒತ್ತಡ ಆ ರಿವಾಲ್ವರ್ ತಯಾರಾದಾಗ ಮಾಡಿದ ಪರೀಕ್ಷೆಯ ಮಟ್ಟವನ್ನೂ ಮೀರುತ್ತದೆ, ನಡು ಮುರಿದು ತೆರೆಯುವ ಆ ಚೌಕಟ್ಟು ಅದನ್ನು ತಡೆಯಲಾರದು. ಇಟಲಿಯ ಫಿಯೋಕಿ ಕಂಪನಿ ಸರಿಯಾದ .455 ತೋಟಾವನ್ನು ಇಂದಿಗೂ ತಯಾರಿಸುತ್ತದೆ, ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಬೇಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆಂದು .38/200ಕ್ಕೆ ಮಾಡಿದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ರಿವಾಲ್ವರುಗಳ ಕಥೆ ಬೇರೆ: ಅವನ್ನು ಆಮೇಲೆ .38 ಸ್ಪೆಷಲ್‌ಗೆ ಕೊರೆದದ್ದು ಹೆಚ್ಚು. .38/200ರ ಕೇಸು ಸ್ಪೆಷಲ್‌ನದಕ್ಕಿಂತ ದಪ್ಪ, ಗುಂಡಿನ ವ್ಯಾಸವೂ 0.358ರ ಬದಲು 0.361 ಅಂಗುಲ; ಹಾಗಾಗಿ ಸ್ಪೆಷಲ್ ತೋಟಾ ಹೊಡೆದಾಗ ಕೇಸು ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿ ಹೊರಬರುತ್ತದೆ, ಕೆಲವು ಸೀಳುತ್ತವೆ. ಇಂದಿನ ಅಂಗಡಿಯ .38 ಸ್ಮಿತ್ ಅಂಡ್ ವೆಸನ್ ತೋಟಾದಲ್ಲಿ ಸುಮಾರು 145 ಗ್ರೇನಿನ ಗುಂಡಿರುವುದರಿಂದ ಹಳೆಯ ಎನ್‌ಫೀಲ್ಡಿನಲ್ಲಿ ಅದು ಗುರಿಗಿಂತ ಕೆಳಗೆ ಬೀಳುತ್ತದೆ, ಆದರೆ ರಿವಾಲ್ವರಿಗೆ ಕೇಡಿಲ್ಲ.

ಹಳೆಯ ತೋಟಾವನ್ನೇ ಹೊಡೆಯುವ ಹಟವಿದ್ದರೆ ಎರಡು ಎಚ್ಚರಗಳು ಬೇಕು. ಬ್ರಿಟಿಷ್ ಸೇನೆಯ ಹಳೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸುಟ್ಟ ಮೇಲೆ ಅದು ಉಪ್ಪಾಗಿ ನಳಿಗೆಯೊಳಗೆ ಕೂತು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ಅಂದೇ ಬಿಸಿನೀರು ಹಾಯಿಸಿ ತೊಳೆದು, ಒರೆಸಿ, ಆಮೇಲೆ ಎಣ್ಣೆ ಹಚ್ಚಬೇಕು. ಎರಡನೆಯದು ಇನ್ನೂ ಗಂಭೀರವಾದದ್ದು. ಮಂದಗತಿಯ ಭಾರದ ಗುಂಡಿಗೆ ನಳಿಗೆ ದಾಟಲು ಇರುವ ಮಿಗಿಲು ಶಕ್ತಿ ಮೊದಲೇ ಕಡಿಮೆ. ಮದ್ದು ಸ್ವಲ್ಪ ಕೆಟ್ಟಿದ್ದರೂ ಅದು ಒಳಗೆಯೇ ನಿಂತುಬಿಡಬಹುದು. ಅಂದು ಮೈದಾನದಲ್ಲಿ ನನ್ನ ಸ್ನೇಹಿತರು ಅದೇ ಪೆಟ್ಟಿಗೆಯ ತೋಟಾಗಳನ್ನು ತಮ್ಮ 2 ಅಂಗುಲದ ರಿವಾಲ್ವರಿಗೆ ತುಂಬಿ ಹೊಡೆಯುತ್ತಿದ್ದಾಗ ಮೂರನೆಯ ಈಡು ಸಿಡಿಯಲಿಲ್ಲ, ‘ಪುಸ್’ ಎಂದಿತು. ಅವರು ಟ್ರಿಗರಿನಿಂದ ಬೆರಳು ತೆಗೆದು, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಅರ್ಧ ನಿಮಿಷ ಹಾಗೆಯೇ ನಿಂತರು. ಆಮೇಲೆ ಸಿಲಿಂಡರ್ ಬಿಚ್ಚಿ ತೋಟಾಗಳನ್ನೆಲ್ಲ ಹೊರತೆಗೆದು ನೋಡಿದರೆ ನಳಿಗೆಯ ತುದಿಯಲ್ಲಿ ಬೂದುಬಣ್ಣದ ಮೊಂಡು ಮೂತಿ ಹೊರಗೆ ಇಣುಕುತ್ತಿತ್ತು. ನಾಲ್ಕನೆಯದನ್ನು ಹಾರಿಸಿದ್ದರೆ ನಳಿಗೆ ಸಿಡಿಯಬಹುದಿತ್ತು. ಹಿತ್ತಾಳೆಯ ಸರಳಿನಿಂದ ಮೆಲ್ಲಗೆ ತಟ್ಟಿ ಅದನ್ನು ಹಿಂದಕ್ಕೆ ಇಳಿಸಲು ಹತ್ತು ನಿಮಿಷ ಹಿಡಿಯಿತು. ಪೆಟ್ಟಿಗೆಯಲ್ಲಿ ಉಳಿದ ತೋಟಾಗಳು ಅಂದಿನಿಂದ ಅವರ ಪುಸ್ತಕದ ಕಪಾಟಿನಲ್ಲಿವೆ.